ಪರಿಸರ ಸಂಘಕ್ಕೆ ಒಂದು ಹಿಂಡು ಗೊಬ್ಬರ

ಯಾರಿಗಾದರೂ ಸಹಾಯ ಮಾಡಬೇಕೆಂದು ನಾನು ಮನಸ್ಸು ಮಾಡಿದರೆ ಮುಗಿಯಿತು. ಆ ಸಹಾಯ ಅವರಿಗೆ ಬೇಕೋ ಬೇಡವೋ ಎಂದು ಕೇಳುತ್ತ ಕೂಡುವ ಜಾಯಮಾನ ನನ್ನದಲ್ಲ. ಆರನೇ ಇಯತ್ತೆಗೇ ಶಾಲೆ ಬಿಟ್ಟು ಹುಮನಾಬಾದಿನ ಹೆದ್ದಾರಿ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಹಿಡಿಯಲು ನಿಂತವನು ನಾನು. ಇವತ್ತು ಅದೇ ಹೆದ್ದಾರಿಯ ಪಕ್ಕ ನನ್ನದೇ ಅಂಗಡಿ ಇದೆ. ಇಲ್ಲಿಂದ ಬಸವಕಲ್ಯಾಣದವರೆಗೆ ನೀವು ಯಾವುದಾದರೂ ಒಳ್ಳೆಯ ಗೇಟು ದೂಡಿದ್ದರೆ ಅದು ನಾನು ಮಾಡಿದ್ದು. ಕೆಟ್ಟ ಗೇಟು ದೂಡಿದ್ದರೆ ಅದು ಬೇರೆಯವರದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸತ್ಯವೇ ಜಂಬದ ಹಾಗೆ ಕೇಳಿಸಿದರೆ ನಾನೇನು ಮಾಡಲಿ?

ನನ್ನ ಮಗಳು ರೇಣುಕಾ ನಮ್ಮೂರಿನ ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಾಳೆ. ಆ ಶಾಲೆಯಲ್ಲಿ ಓದು ಎಷ್ಟು ಮುಖ್ಯವೋ ಸಂಘಗಳೂ ಅಷ್ಟೇ ಮುಖ್ಯ. ಶನಿವಾರ ಬಂತೆಂದರೆ ಪುಸ್ತಕ ಮುಚ್ಚಿ ಮಕ್ಕಳೆಲ್ಲ ಒಂದೊಂದು ಸಂಘಕ್ಕೆ ಓಡುತ್ತಾರೆ. ಸಂಗೀತ ಸಂಘ, ನಾಟಕ ಸಂಘ, ವಿಜ್ಞಾನ ಸಂಘ, ಕಸೂತಿ ಸಂಘ, ಡೋಲು ಬಾರಿಸುವ ಬ್ಯಾಂಡ್ ಸಂಘ, ಇಂಗ್ಲಿಷಿನಲ್ಲಿ ಜಗಳವಾಡುವ ಡಿಬೇಟ್ ಸಂಘ. ನಾನು ಓದುವಾಗ ನಮ್ಮ ಶಾಲೆಯಲ್ಲಿ ಎರಡೇ ಸಂಘಗಳಿದ್ದವು. ಒಂದು ಹೊಡೆಯುವವರದು, ಇನ್ನೊಂದು ಹೊಡೆಸಿಕೊಳ್ಳುವವರದು. ಎರಡನೆಯದಕ್ಕೆ ನಾನು ಖಾಯಂ ಸದಸ್ಯ.

ಈ ವರ್ಷ ಶಾಲೆ ಶುರುವಾದ ವಾರದಲ್ಲೇ ರೇಣುಕಾ ಓಡುತ್ತ ಅಂಗಡಿಗೆ ಬಂದಳು.

“ಅಪ್ಪಾ, ನಾ ಲೀಡರ್ ಆದೆ! ಪರಿಸರ ಸಂಘದ ಲೀಡರ್!”

ಅಕ್ಕಪಕ್ಕದ ಪಂಕ್ಚರ್ ಅಂಗಡಿ, ಟೈರ್ ಅಂಗಡಿ, ಚಹಾದಂಗಡಿ ಎಲ್ಲ ಕಡೆ ಪೇಡಾ ಹಂಚಿದೆ. ಪೇಡಾ ಖಾಲಿಯಾದ ಮೇಲೆ ಪೂರ್ತಿ ವಿಷಯ ಹೊರಬಂತು. ಆ ಸಂಘಕ್ಕೆ ಲೀಡರ್ ಆಗಲು ಬೇರೆ ಯಾರೂ ಕೈ ಎತ್ತಿರಲಿಲ್ಲ. ಸಂಗೀತ ಸಂಘದವರಿಗೆ ಫ್ಯಾನಿನ ಗಾಳಿ ಇದೆ, ಪರಿಸರ ಸಂಘದವರಿಗೆ ಬಿಸಿಲು. ಹೆಸರು ಬರೆಸಲು ತಡವಾಗಿ ಬಂದ ನಾಲ್ಕಾರು ಹುಡುಗಿಯರೇ ಅದರ ಸದಸ್ಯರು. ಸಂಘದ ಆಸ್ತಿ ಎಂದರೆ ಶಾಲೆಯ ಹಿಂದೆ ಕಂಪೌಂಡಿಗೆ ಅಂಟಿದ ಒಂದು ತುಂಡು ಕಲ್ಲು ಗರಸಿನ ನೆಲ. ಹೋದ ವರ್ಷ ಅಲ್ಲಿ ನೆಟ್ಟ ಗಿಡಗಳೆಲ್ಲ ಒಂದೂ ಬಿಡದೆ ಸತ್ತಿದ್ದವು.

ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಬೆನೆಡಿಕ್ಟಾ ಮಂಗಳೂರು ಕಡೆಯವರು. ಅವರು ಸಿಟ್ಟಾದಾಗಲೂ ಪುಸ್ತಕ ಓದಿದ ಹಾಗೆ ಮಾತಾಡುತ್ತಾರೆ. ಅದಕ್ಕೇ ಭಯ ಜಾಸ್ತಿ. ಅವರು ಪರಿಸರ ಸಂಘದ ಮಕ್ಕಳನ್ನು ಕರೆದು ಒಂದೇ ಮಾತು ಹೇಳಿದ್ದರಂತೆ: “ಆಗಸ್ಟ್ ಹದಿನೈದರ ಹೊತ್ತಿಗೆ ಅಲ್ಲಿ ಹಸಿರು ಕಾಣಬೇಕು. ಕಾಣದಿದ್ದರೆ ಈ ಸಂಘವನ್ನು ಮುಚ್ಚಿ ನಿಮ್ಮನ್ನೆಲ್ಲ ಕಸೂತಿ ಸಂಘಕ್ಕೆ ಸೇರಿಸುತ್ತೇವೆ.”

ಕಸೂತಿ ಸಂಘ! ನನ್ನ ಮಗಳಿಗೂ ಸೂಜಿಗೂ ಆಗಿಬರುವುದಿಲ್ಲ. ಅಂಗಿಯ ಗುಂಡಿ ಕಿತ್ತುಹೋದರೆ ಸ್ಟೇಪ್ಲರ್ ಹೊಡೆದುಕೊಂಡು ಶಾಲೆಗೆ ಹೋಗುವ ಹುಡುಗಿ ಅವಳು.

ಅವತ್ತು ಊಟಕ್ಕೆ ಕೂತಾಗ ಅವಳೇ ತನ್ನ ಯೋಜನೆ ಹೇಳಿದಳು.

“ಒಣಾ ಎಲಿ, ಅಡಗಿಮನಿ ಸಿಪ್ಪಿ, ಸೆಗಣಿ ಎಲ್ಲಾ ಗುಂಡ್ಯಾಗ ಹಾಕಿ ಕೊಳಸ್ತೀವಪ್ಪಾ. ಆಮ್ಯಾಲ ಅದೇ ಗೊಬ್ಬರ.”

“ಕೊಳೀಲಿಕ್ಕ ಎಷ್ಟ್ ದಿನ ಬೇಕು?”

“ಮೂರ್ ತಿಂಗಳು. ಇಲ್ಲಂದ್ರ ನಾಲ್ಕು.”

“ಆಗಸ್ಟ್ ಎಷ್ಟ್ ದೂರ ಅದ?”

ರೇಣುಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ನನ್ನ ಹೆಂಡತಿ ಕಸ್ತೂರಿ ನನ್ನ ಮುಖ ನೋಡಿದಳು. ಹದಿನೇಳು ವರ್ಷದ ಸಂಸಾರದಲ್ಲಿ ನನ್ನ ಮುಖದಲ್ಲಿ ವಿಚಾರವೊಂದು ಹುಟ್ಟುವುದನ್ನು ಅವಳು ದೂರದಿಂದಲೇ ಗುರುತು ಹಿಡಿಯುತ್ತಾಳೆ.

“ರೀ, ನೀವು ಸುಮ್ಮ ಕೂಡ್ರಿ,” ಎಂದಳು. ನಾನಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ!

ವಿಚಾರ ಇಷ್ಟೇ. ನಮ್ಮ ಕಡೆ ಬಿತ್ತನೆಗೆ ಮೊದಲು ರೈತರು ಕುರಿಯ ಹಿಂಡನ್ನು ತಮ್ಮ ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಸುತ್ತ ಬಲೆ ಕಟ್ಟಿ ಕುರಿಗಳನ್ನು ಒಳಗೆ ಮಲಗಿಸುತ್ತಾರೆ. ಬೆಳಗಾದರೆ ಕುರಿ ಎದ್ದು ಹೋಗುತ್ತವೆ, ಹಿಕ್ಕೆಯೂ ಉಚ್ಚೆಯೂ ಹೊಲಕ್ಕೆ ಉಳಿಯುತ್ತವೆ. ಯಾವ ಚೀಲದ ಗೊಬ್ಬರವೂ ಇದಕ್ಕೆ ಸಮ ಅಲ್ಲ. ಇದಕ್ಕಾಗಿ ರೈತರು ಕುರಿಯವರಿಗೆ ಜೋಳ ಕೊಟ್ಟು, ಊಟ ಹಾಕಿ, ಕೈಮುಗಿದು ಕರೆದುಕೊಂಡು ಹೋಗುತ್ತಾರೆ. ನನ್ನ ಹೆಂಡತಿಯ ತಮ್ಮ, ಮೋರಖಂಡಿಯ ಬೀರಪ್ಪ, ಇದೇ ಕೆಲಸದವನು. ಆ ಹೊತ್ತಿಗೆ ಅವನ ಹಿಂಡು ದುಬಲಗುಂಡಿ ಕಡೆ ಬಂದಿತ್ತು. ಗೊಬ್ಬರ ಮನೆ ಬಾಗಿಲಿಗೇ ಬಂದು ನಿಂತಿರುವಾಗ ಮಗಳು ಸಿಪ್ಪೆ ಕೊಳೆಯುವುದನ್ನು ಕಾಯುತ್ತ ಕೂಡಬೇಕೆ?

“ಬೀರಪ್ಪ ಮಾಮಾನ ಕುರಿ ನಿಲ್ಲಸೂಣು,” ಎಂದೆ.

“ಸಾಲ್ಯಾಗ?” ಎಂದಳು ರೇಣುಕಾ.

“ಸಾಲಿ ಹಿಂದ.”

“ಅಪ್ಪಾ, ಬ್ಯಾಡ. ಸಂಘದ ಕೆಲಸ ಸಂಘದವರೇ ಮಾಡ್ಬೇಕು ಅಂತ ಸಿಸ್ಟರ್ ಹೇಳ್ಯಾರ. ಹೋದ ವರ್ಷದ್ದು ನೆನಪದ ಇಲ್ಲ?”

ಹೋದ ವರ್ಷ ವಿಜ್ಞಾನ ಪ್ರದರ್ಶನಕ್ಕೆ ಅವಳು ಕಾಗದದ ಗಾಳಿಯಂತ್ರ ಮಾಡುತ್ತಿದ್ದಳು. ಕಾಗದದ್ದೇನು ಮಾಡುವುದೆಂದು ನಾನು ಕಬ್ಬಿಣದಲ್ಲೇ ಮಾಡಿಕೊಟ್ಟೆ. ಅದು ಬಹಳ ಗಟ್ಟಿಯಾಗಿತ್ತು. ಯಾವ ಗಾಳಿಗೂ ಅಲ್ಲಾಡಲಿಲ್ಲ.

“ಅದು ಕಬ್ಬಿಣದ ಮಾತು. ಇದು ಕುರಿ. ಕುರಿ ನನ್ನ ರಕ್ತದಾಗ ಅದ,” ಎಂದೆ. ನನ್ನ ಅಜ್ಜ, ಮುತ್ತಜ್ಜ ಎಲ್ಲ ಕುರಿ ಕಾಯ್ದವರೇ. ನಾನೊಬ್ಬ ಕಾಯಲಿಲ್ಲ, ಅಷ್ಟೇ.

“ನಿಮ್ಮ ರಕ್ತದಾಗ ಕುರಿ ಅದ ಅಂತ ನಂಗ ಮದಿವಿ ದಿನಾನೇ ಗೊತ್ತಾಗಿತ್ತು,” ಎಂದು ಕಸ್ತೂರಿ ತಾಟು ಎತ್ತಿಕೊಂಡು ಹೋದಳು.

ಇಂಥ ಮಾತಿಗೆ ಹಿಂಜರಿದಿದ್ದರೆ ನಾನು ಇವತ್ತಿಗೂ ಬೇರೆಯವರ ಅಂಗಡಿಯಲ್ಲಿ ಕಬ್ಬಿಣ ಹಿಡಿಯುತ್ತಿದ್ದೆ. ಮರುದಿನವೇ ಶಾಲೆಗೆ ಹೋಗಿ ಸಿಸ್ಟರ್ ಮುಂದೆ ನಿಂತೆ. ಅನುಮತಿ ಇಲ್ಲದೆ ಯಾವ ಕೆಲಸವನ್ನೂ ಮಾಡುವವನಲ್ಲ ನಾನು.

“ಸಿಸ್ಟರ್, ಶನಿವಾರ ಸಂಜಿಗೆ ಹಿಂದಿನ ಜಾಗಕ್ಕ ಒಂದೀಟು ಗೊಬ್ಬರ ಹಾಕಸ್ತೀನ್ರಿ. ನೈಸರ್ಗಿಕ ಗೊಬ್ಬರ. ಫುಕಟ್.”

“ಬಹಳ ಸಂತೋಷ. ಎಷ್ಟು ಚೀಲ ಆಗಬಹುದು?”

ಚೀಲದಲ್ಲಿ ಬರುವುದಿಲ್ಲ, ಅದು ತಾನೇ ನಡೆದುಕೊಂಡು ಬರುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಎಲ್ಲ ಸಂಘಗಳ ಉದ್ಘಾಟನೆ ಇತ್ತು, ಪಾಲಕರೂ ಅತಿಥಿಗಳೂ ಬರುವವರಿದ್ದರು. ಅಷ್ಟರೊಳಗೆ ಕುರಿ ಬಂದು, ಮಲಗಿ, ಎದ್ದು ಹೋಗಿರುತ್ತವೆ. ಸಿಸ್ಟರ್ ಹಿಂದೆ ಹೋಗಿ ನೋಡುತ್ತಾರೆ. ನೆಲದ ಮೇಲೆ ಕರಿಮಣಿ ಚೆಲ್ಲಿದಂತೆ ಗೊಬ್ಬರ! ಯಾರು ಮಾಡಿದ್ದೆಂದು ಕೇಳುತ್ತಾರೆ. ಆಗ ನಾನು ಬೇಡ ಬೇಡವೆನ್ನುತ್ತ ಮುಂದೆ ಬರುತ್ತೇನೆ. ಈ ದೃಶ್ಯದಲ್ಲಿ ನಾನು ಹಾಕಿಕೊಳ್ಳುವ ಬಿಳಿ ಅಂಗಿಯನ್ನು ಕೂಡ ಇಸ್ತ್ರಿಗೆ ಕೊಟ್ಟಾಗಿತ್ತು.

ಬೀರಪ್ಪನಿಗೆ ಫೋನ್ ಮಾಡಿದೆ.

“ಬರ್ತೀನಿ ಮಾಮಾ. ಆದ್ರ ಬಲಿ ಹರದಾವ, ಹೊಲೀಬೇಕು. ಎರಡ್ ದಿನ ತಡಿ,” ಎಂದ.

“ಬಲಿ ಯಾಕ ಬೇಕೋ? ಮೂರೂ ಕಡಿ ಕಂಪೌಂಡ್ ಅದ. ಒಂದ್ ಕಡಿ ನಾ ಮಾಡಿದ ಗೇಟ್ ಅದ. ನನ್ನ ಗೇಟ್ ಇರೋ ಕಡಿ ಬಲಿ ಕಟ್ಟಿದ್ರ ನನಗ ಅವಮಾನ!”

“ಗೇಟಿನ್ ಆಚಿಗೆ ಏನದ ಮಾಮಾ?”

“ಏನಿಲ್ಲ. ಸಭಾಂಗಣ.”

ಗಮನಿಸಿ, ಆ ಸಭಾಂಗಣದಲ್ಲಿ ಮರುದಿನದ ಉದ್ಘಾಟನೆಗೆಂದು ಎಲ್ಲ ಸಂಘಗಳು ಒಂದು ವಾರದಿಂದ ತಯಾರಿ ನಡೆಸಿದ್ದವು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಡುವೆ ನನ್ನ ಗೇಟಿತ್ತಲ್ಲ!

ಶನಿವಾರ ಹೊತ್ತು ಮುಳುಗುವಾಗ ಹಿಂಡು ಬಂತು. ನಾನು ಕೇಳಿದ್ದು ಸಣ್ಣದೊಂದು ತುಂಡಿಗೆ ಸಾಕಾಗುವಷ್ಟು ಕುರಿ. ಆದರೆ ಹಿಂಡನ್ನು ಪೇಡಾದ ಹಾಗೆ ಮುರಿದು ಕೊಡಲು ಬರುವುದಿಲ್ಲವಂತೆ. ಇಡೀ ಹಿಂಡೇ ಬಂತು. ದಾರಿಯಲ್ಲಿ ಬೀರಪ್ಪನ ಗೆಳೆಯನ ಹಿಂಡೂ ಜೊತೆಗೂಡಿತ್ತು. ಹೆದ್ದಾರಿಯ ಲಾರಿಗಳೆಲ್ಲ ನಿಂತು ಹಾರ್ನ್ ಬಾರಿಸುತ್ತಿದ್ದವು. ವಾಚ್‌ಮನ್ ಇಮಾಮ್ ಚಾಚಾ ಕಂಪೌಂಡಿನ ಹಿಂದಿನ ಗೇಟು ತೆರೆದು, ಬಾಯಿಯನ್ನೂ ತೆರೆದು ನಿಂತುಬಿಟ್ಟರು.

“ಕ್ಯಾ ಸಾವಕಾರ್ರ, ಇದು ಸಿಸ್ಟರಿಗೆ ಮಾಲೂಮ್ ಅದ?”

“ಪರ್ಮಿಷನ್ ತಗೊಂಡೀನಿ ಚಾಚಾ. ಗೊಬ್ಬರ ಅಂತ ಹೇಳೀನಿ.”

“ಗೊಬ್ಬರಕ್ಕ ಕಾಲ್ ಇರ್ತಾವ ಅಂತ ಹೇಳೀರಿ?”

ಸಿಸ್ಟರುಗಳ ವಾಸದ ಮನೆ ರಸ್ತೆಯಾಚೆ. ಆದ್ದರಿಂದ ಹೆಚ್ಚಿನ ಪ್ರಶ್ನೆಗಳು ಏಳಲಿಲ್ಲ. ಕುರಿಗಳು ಕೂಡ ಪರಿಸರ ಸಂಘದ ನೆಲದಲ್ಲಿ ಶಿಸ್ತಾಗಿ ಮಲಗಿದವು. ಬೀರಪ್ಪನೂ ಅಲ್ಲೇ ಕಂಬಳಿ ಹಾಸಿದ. ನಾನು ಮನೆಗೆ ಹೋಗಿ ಗೆದ್ದವನಂತೆ ನಿದ್ದೆ ಮಾಡಿದೆ.

ಬೆಳಗ್ಗೆ ಬಿಳಿ ಅಂಗಿ ತೊಟ್ಟು ಬಂದು ನೋಡಿದರೆ ಎಲ್ಲ ನಾನಂದುಕೊಂಡ ಹಾಗೇ ಇತ್ತು. ನೆಲದ ತುಂಬ ಹಿಕ್ಕೆ! ಕಣ್ಣಿಗೆ ಹಬ್ಬ. ಬೀರಪ್ಪ ಆಕಳಿಸುತ್ತ ಎದ್ದ.

“ಮಾಮಾ, ಬಸ್‌ಸ್ಟ್ಯಾಂಡ್ ಕಡಿ ಹೋಗಿ ಒಂದ್ ಕಪ್ ಚಾ ಕುಡದು ಬರ್ತೀನಿ. ಬಂದ ಮ್ಯಾಲ ಹೊಡಕೊಂಡು ಹೋಗ್ತೀನಿ. ಅಲ್ಲೀತನ ಕಾಯೋದು ನಿನಗ ಆಗ್ತದ?”

“ಏ, ಹೋಗೋ! ನನಗ ಕೇಳ್ತಿಯೇನ?”

ಇಲ್ಲಿ ನನ್ನ ಗೇಟಿನ ಚಿಲಕದ ಬಗ್ಗೆ ಎರಡು ಮಾತು ಹೇಳುವುದು ಅವಶ್ಯ. ಅದು ನಾನೇ ಕಂಡುಹಿಡಿದ ಚಿಲಕ. ಎರಡೂ ಕೈಯಲ್ಲಿ ಪುಸ್ತಕ ಹಿಡಿದ ಹುಡುಗಿ ಮೊಣಕೈಯಿಂದ ಮೇಲಕ್ಕೆ ಎತ್ತಿದರೂ ಸಾಕು, ತೆರೆದುಕೊಳ್ಳುತ್ತದೆ. ಸಿಸ್ಟರುಗಳು ಆಗ ಬಹಳ ಮೆಚ್ಚಿದ್ದರು. ಮೊಣಕೈಗೆ ತೆರೆಯುವುದು ಕೊಂಬಿಗೂ ತೆರೆಯುತ್ತದೆ ಎಂಬ ಸಣ್ಣ ಸಂಗತಿಯೊಂದು ಮಾತ್ರ ನನ್ನ ಡಿಸೈನಿನಲ್ಲಿ ಬಿಟ್ಟುಹೋಗಿತ್ತು.

ಹಿಂಡಿನ ಮುಂದಾಳು ಒಂದು ಟಗರು. ಅದಕ್ಕೆ ಕೊಂಬಿನ ಬುಡದಲ್ಲಿ ತುರಿಕೆ. ಅದು ಗೇಟಿನ ಹತ್ತಿರ ಹೋಗಿ ತಲೆ ತಿಕ್ಕಿತು. ಹೊಸ ಕಬ್ಬಿಣದ ಸುಖ ಅದಕ್ಕೂ ಹಿಡಿಸಿತೆಂದು ನಾನು ಹೆಮ್ಮೆಯಿಂದ ನೋಡುತ್ತಿದ್ದೆ. ಟಕ್ ಎಂದಿತು. ಗೇಟು ಸದ್ದಿಲ್ಲದೆ ತೆರೆದುಕೊಂಡಿತು. ನಾನು ಎಣ್ಣೆ ಹಾಕುವುದನ್ನು ಎಂದೂ ಮರೆಯುವುದಿಲ್ಲ.

ಟಗರು ಒಳಗೆ ಹೋಯಿತು. ಅದರ ಹಿಂದೆ ಏಳೆಂಟು ಕುರಿ ಹೋದವು. ನಾನು ಓಡಿದೆ.

ಈ ಸಭಾಂಗಣದಲ್ಲಿ ಕುರಿ ತಿನ್ನುವಂಥದ್ದು ಏನಿದ್ದೀತು ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಅಲ್ಲಿನ ಚಾರ್ಟುಗಳನ್ನೆಲ್ಲ ಮೈದಾ ಹಿಟ್ಟಿನ ಗಂಜಿಯಿಂದ ಅಂಟಿಸಿದ್ದರು. ಕುರಿಗೆ ಅದು ಮದುವೆ ಊಟ. ವಿಜ್ಞಾನ ಸಂಘದವರು ಹೆಸರುಕಾಳಿನ ಮೊಳಕೆಯ ಎಲ್ಲ ಹಂತಗಳನ್ನು ಸಾಲಾಗಿ ತಟ್ಟೆಗಳಲ್ಲಿ ಇಟ್ಟಿದ್ದರು. ಕುರಿಗಳು ಕೊನೆಯ ಹಂತದಿಂದ ಶುರುಮಾಡಿ ಮೊದಲನೆಯದಕ್ಕೆ ಬಂದಿದ್ದವು. ಡಿಬೇಟ್ ಸಂಘದ ದೊಡ್ಡ ಹಾಳೆಯಲ್ಲಿ ಮೊಬೈಲು ವರವೋ ಶಾಪವೋ ಎಂದು ಎರಡು ಭಾಗ ಮಾಡಿ ಬರೆದಿದ್ದರು. ವರದ ಭಾಗ ಆಗಲೇ ಹೊಟ್ಟೆ ಸೇರಿತ್ತು. ಶಾಪವನ್ನು ನನಗೆ ಬಿಟ್ಟಿದ್ದವು. ನಾಟಕ ಸಂಘದ ರಾಜನ ಸಣಬಿನ ಗಡ್ಡವನ್ನು ಒಂದು ಕುರಿ ಕಣ್ಣು ಮುಚ್ಚಿ ಮೆಲ್ಲುತ್ತಿತ್ತು. ಕಸೂತಿ ಸಂಘದ ಸೀರೆಯ ಮೇಲೆ ಮರಿಯೊಂದು ಮಲಗಿತ್ತು. ಬರೀ ಮಲಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ನೆಲದ ಮೇಲೆ ಕಾಳುಗಳಿಂದ ಬಿಡಿಸಿದ್ದ ಕರ್ನಾಟಕದ ನಕ್ಷೆ. ಜೋಳ, ತೊಗರಿ, ಕಡಲೆ, ರಾಗಿ. ಟಗರು ಮೇಲಿನಿಂದ, ಅಂದರೆ ಬೀದರ್ ಜಿಲ್ಲೆಯಿಂದ ಶುರುಮಾಡಿತ್ತು. ನಾನು ಮುಟ್ಟುವಷ್ಟರಲ್ಲಿ ಕಲಬುರಗಿ, ರಾಯಚೂರು ದಾಟಿ ಬಳ್ಳಾರಿಯಲ್ಲಿತ್ತು. ಮೈಸೂರಿನ ಕಡೆ ಒಂದು ಕಾಳೂ ಅಲುಗಿರಲಿಲ್ಲ. ನಮ್ಮ ಭಾಗದ ನಸೀಬೇ ಇಷ್ಟು!

ಗಾಬರಿಯಲ್ಲಿ ನನಗೆ ನನ್ನ ಅಜ್ಜ ನೆನಪಾದರು. ಅವರು ಸಂಜೆಗೆ ಕೈ ಎತ್ತಿ ನಾಲಿಗೆ ಹೊರಳಿಸಿ ಒಂದು ಕೂಗು ಹಾಕುತ್ತಿದ್ದರು. ಹಿಂಡಿಗೆ ಹಿಂಡೇ ಕೇಳುತ್ತಿತ್ತು. ನಾನೂ ಕೈ ಎತ್ತಿದೆ, ನಾಲಿಗೆ ಹೊರಳಿಸಿದೆ, ಸಭಾಂಗಣ ಗುಂಯ್ ಎನ್ನುವಂತೆ ಕೂಗಿದೆ.

ಒಳಗಿದ್ದ ಕುರಿಗಳು ತಲೆ ಎತ್ತಿ ನೋಡಿದವು. ಹೊರಗಿದ್ದ ಕುರಿಗಳೂ ತಲೆ ಎತ್ತಿ ನೋಡಿದವು. ಆಮೇಲೆ ಹೊರಗಿದ್ದ ಅಷ್ಟೂ ಕುರಿಗಳು ಒಟ್ಟಿಗೆ ಒಳಗೆ ಬಂದವು.

ಅದು ‘ಹೋಗಿ’ ಎನ್ನುವ ಕೂಗಲ್ಲ, ‘ಬನ್ನಿ, ಮೇವು ಹಾಕಿದ್ದೇನೆ’ ಎನ್ನುವ ಕೂಗು ಎಂದು ಬೀರಪ್ಪ ಆಮೇಲೆ ವಿವರಿಸಿದ. ರಕ್ತದಲ್ಲಿ ಕೂಗು ಬಂದಿತ್ತು, ಅರ್ಥ ಬಂದಿರಲಿಲ್ಲ.

ಅದೇ ಹೊತ್ತಿಗೆ ಬ್ಯಾಂಡ್ ಸಂಘದ ಹುಡುಗಿಯರು ಮುಂಬಾಗಿಲಿನಿಂದ ಬಂದರು. ಒಬ್ಬಳು ಕಿರುಚಿದಳು. ಇನ್ನೊಬ್ಬಳು ಧೈರ್ಯವಂತೆ, ಕುರಿ ಹೆದರಿ ಓಡಲೆಂದು ದೊಡ್ಡ ಡೋಲಿಗೆ ನಾಲ್ಕು ಏಟು ಹಾಕಿದಳು. ಕುರಿಗಳು ಹೆದರಿದವು. ಓಡಿದವು. ಆದರೆ ಓಡಲು ಖಾಲಿ ಇದ್ದ ಜಾಗ ಒಂದೇ. ವೇದಿಕೆ! ಟಗರು ಹತ್ತಿತು. ಅದು ಹತ್ತಿದ್ದೇ ತಡ, ಎಲ್ಲವೂ ಹತ್ತಿದವು. ನಡುವೆ ಸಿಕ್ಕಿದ ನಾನೂ ಹತ್ತಿದೆ. ಹತ್ತದೆ ಬೇರೆ ದಾರಿ ಇರಲಿಲ್ಲ.

ಸರಿಯಾಗಿ ಆಗ ಸಿಸ್ಟರ್ ಬೆನೆಡಿಕ್ಟಾ ಒಳಗೆ ಬಂದರು. ಜೊತೆಗೆ ಬಸವಕಲ್ಯಾಣದಿಂದ ಬಂದ ಮುಖ್ಯ ಅತಿಥಿ, ನಿವೃತ್ತ ಪ್ರಾಧ್ಯಾಪಕರು. ಅವರ ಹಿಂದೆ ಪಾಲಕರು. ವೇದಿಕೆಯ ಮೇಲೆ ಸಾಲು ಸಾಲು ಕುರಿ. ನಟ್ಟ ನಡುವೆ ನಾನು. ಬಿಳಿ ಅಂಗಿ ಎಂದು ಅದನ್ನು ಯಾರೂ ಕರೆಯುವಂತಿರಲಿಲ್ಲ. ಕಂಕುಳಲ್ಲಿ ಒಂದು ಮರಿ.

ಅತಿಥಿಗಳು ಕನ್ನಡಕ ಸರಿಮಾಡಿಕೊಂಡು ಬಹಳ ವಿನಯದಿಂದ ಕೇಳಿದರು: “ಸಿಸ್ಟರ್, ಇದು ಯಾವ ಸಂಘ?”

ಸಿಸ್ಟರ್ ವೇದಿಕೆಯತ್ತ ತಿರುಗಿದರು. ಅವರು ನನ್ನನ್ನು ನೋಡಿದರು. ನಾನು ಮರಿಯನ್ನು ನೋಡಿದೆ. ಮರಿ ಮಾತ್ರ “ಮ್ಯಾ” ಎಂದಿತು.

“ಗೊಬ್ಬರರಿ ಸಿಸ್ಟರ್,” ಎಂದೆ. “ನಾ ಹೇಳಿದ್ದೆ ನೋಡ್ರಿ.”

ಗುಂಪನ್ನು ಸರಿಸಿಕೊಂಡು ರೇಣುಕಾ ಮುಂದೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ. ನಕ್ಷೆಯಲ್ಲಿ ಉಳಿದಿದ್ದ ಮೈಸೂರು, ಮಂಡ್ಯ, ಚಾಮರಾಜನಗರವನ್ನು ಬೊಗಸೆಯಲ್ಲಿ ಬಾಚಿಕೊಂಡು ಹೋಗಿ ಟಗರಿನ ಮೂತಿಗೆ ಹಿಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಟಗರು ಒಂದು ಹೆಜ್ಜೆ ಮುಂದೆ ಬಂತು. ಹಾಗೇ ಹಿಂದೆ ಹಿಂದೆ ನಡೆಯುತ್ತ ವೇದಿಕೆ ಇಳಿಸಿ, ಮುಂಬಾಗಿಲು ದಾಟಿಸಿ, ಮೈದಾನಕ್ಕೆ ತಂದಳು. ಇಡೀ ಹಿಂಡು ಅವಳ ಹಿಂದೆ ಮೆರವಣಿಗೆ ಹೊರಟಿತು. ಥ್ರೋಬಾಲ್ ಅಂಗಳ, ಹೂವಿನ ಪಾತಿ, ಪ್ರಾರ್ಥನೆಗೆ ನಿಲ್ಲುವ ಜಾಗ ಎಲ್ಲ ಸುತ್ತಿ, ದಾರಿಯುದ್ದಕ್ಕೂ ಉದಾರವಾಗಿ ಹಿಕ್ಕೆ ಉದುರಿಸುತ್ತ ಹಿಂದಿನ ಗೇಟು ಮುಟ್ಟಿತು. ಅಲ್ಲಿ ಬೀರಪ್ಪ ಚಹಾ ಕುಡಿದು ಬೀಡಿ ಹಚ್ಚಿಕೊಂಡು ಬರುತ್ತಿದ್ದ.

“ಏನ್ ಮಾಮಾ, ಎಲ್ಲಾ ಬರೋಬರಿ ಆತು?”

ನಾನು ಅವನಿಗೆ ಉತ್ತರ ಕೊಡಲಿಲ್ಲ. ಅಲ್ಲಿ ಮಕ್ಕಳಿದ್ದರು.

ಎಲ್ಲ ಸಂಘಗಳ ಲೀಡರುಗಳು ಸಿಸ್ಟರ್ ಸುತ್ತ ನಿಂತು ಒಂದೇ ಧ್ವನಿಯಲ್ಲಿ ಬೇಡಿಕೆ ಇಟ್ಟರು: ಪರಿಸರ ಸಂಘ ಇವತ್ತೇ ಬಂದ್ ಆಗಬೇಕು. ಆ ಸಂಘಗಳ ನಡುವೆ ಇಷ್ಟು ಒಗ್ಗಟ್ಟು ಹಿಂದೆ ಎಂದೂ ಇರಲಿಲ್ಲವಂತೆ. ಸಿಸ್ಟರ್ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು.

“ನಮ್ಮ ಪ್ರಾರ್ಥನೆಯಲ್ಲಿ ಕುರಿಗಳ ಮಾತು ದಿನವೂ ಬರುತ್ತದೆ,” ಎಂದರು ನನಗೆ. “ಕುರಿಗಳೇ ಬಂದದ್ದು ಇದು ಮೊದಲ ಸಲ. ಮಕ್ಕಳಿಗೆ ಆಗಸ್ಟ್‌ವರೆಗೆ ಸಮಯ ಕೊಟ್ಟಿದ್ದೇನೆ, ಆ ಮಾತು ಬದಲಿಸುವುದಿಲ್ಲ. ಆದರೆ ಹಸಿರು ಕಾಣದಿದ್ದರೆ ಆಮೇಲೆ ನನ್ನನ್ನು ಕೇಳಬೇಡಿ. ಮತ್ತೆ ನೀವು…”

“ಹೇಳ್ರಿ ಸಿಸ್ಟರ್.”

“ನೀವು ಚಿಲಕ ಬದಲಿಸಿಕೊಡಿ. ಅದು ಬಿಟ್ಟು ಬೇರೆ ಏನೂ ಮಾಡಬೇಡಿ. ದಯವಿಟ್ಟು.”

ಮನೆಯಲ್ಲಿ ರೇಣುಕಾ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಸಮಾಧಾನದ ದನಿಯಲ್ಲಿ, “ಗೊಬ್ಬರ ಅಂತೂ ಬಿದ್ದದಲ್ಲವ್ವಾ?” ಎಂದೆ.

ಅವಳು ತಿರುಗಿದಳು. “ಅಪ್ಪಾ, ನನಗ ಹಾಡಾಕ ಬರಂಗಿಲ್ಲ. ಇಂಗ್ಲಿಷ್‌ದಾಗ ಮಾತಾಡಾಕ ಬರಂಗಿಲ್ಲ. ಮಣ್ಣಾಗ ಕೆಲಸ ಮಾಡಾಕ ಬರ್ತದ. ಆ ಸಾಲ್ಯಾಗ ನಂದು ಅಂತ ಇರೋದು ಅದೊಂದೇ. ಅದನ್ನೂ ನೀನೇ ಮಾಡಾಕ ಹೋದಿ.”

ನಾನು ಎದ್ದು ಚಪ್ಪಲಿ ಮೆಟ್ಟಿದೆ. ಇಂಥ ಮಾತು ಬಂದಾಗ ನಾನು ಅಂಗಡಿಗೆ ಹೋಗುತ್ತೇನೆ. ಭಾನುವಾರವಾದರೂ ಹೋದೆ.

ಆಮೇಲೆ ಮಳೆ ಬಂತು. ಪರಿಸರ ಸಂಘದ ಹುಡುಗಿಯರು ನೆಲ ಕೆದರಿ ಬೆಂಡೆ, ಅವರೆ, ಚೆಂಡು ಹೂವಿನ ಬೀಜ ಹಾಕಿದರು. ಒಂದು ದಿನ ನಾನು ಹೊಸ ಚಿಲಕ ಕೂಡಿಸಲು ಹೋದವನು ಕಂಪೌಂಡಿನ ಕಡೆ ಇಣುಕಿ ನೋಡಿದೆ. ಹಸಿರು! ನೆಲವೇ ಕಾಣದಷ್ಟು ಹಸಿರು! ಎಳೆಯ ಎಲೆಗಳು ಒತ್ತೊತ್ತಾಗಿ ಎದ್ದು ನಿಂತಿದ್ದವು. ನನ್ನ ಎದೆ ಇಷ್ಟಗಲ ಆಯಿತು. ಫೋಟೊ ಹೊಡೆದು ವಾಟ್ಸಾಪಿನಲ್ಲಿ ನೆಂಟರಿಗೆಲ್ಲ ಕಳಿಸಿದೆ. ಪಂಕ್ಚರ್ ಅಂಗಡಿಯವನನ್ನೂ ಟೈರ್ ಅಂಗಡಿಯವನನ್ನೂ ಕರೆತಂದು ಗೇಟಿನಾಚೆಯಿಂದ ತೋರಿಸಿದೆ. ಕಸ್ತೂರಿಗೆ ಹೇಳಿದೆ: “ನೋಡು, ನಕ್ಕವರೆಲ್ಲಾ ಈಗ ಎಲ್ಲಿಗಿ ಹೋದ್ರು?”

“ನಾ ಇಲ್ಲೇ ಅದೀನಿ,” ಎಂದಳು.

ಅವತ್ತು ಸಂಜೆ ರೇಣುಕಾ ಶಾಲೆಯಿಂದ ಬಂದು ಒಂದು ಎಳೆ ಸಸಿಯನ್ನು ನನ್ನ ಮುಂದೆ ಇಟ್ಟಳು. ಸಣ್ಣ ಸಣ್ಣ ಎಲೆ. ಬುಡದಿಂದ ಬೇರು ಉದ್ದಕ್ಕೆ ಇಳಿದಿತ್ತು. ಕಾಂಡಕ್ಕೆ ಕೈ ಇಟ್ಟೆ. ಚುಚ್ಚಿತು.

“ಇದು ಬೆಂಡಿ ಅಲ್ಲಪ್ಪಾ,” ಎಂದಳು.

ಬೀರಪ್ಪನಿಗೆ ಫೋನ್ ಹಚ್ಚಿದೆ.

“ಬೀರ್ಯಾ, ಬ್ಯಾಸಿಗ್ಯಾಗ ನಿನ್ನ ಕುರಿ ಏನ್ ತಿಂತಾವೋ?”

“ಬ್ಯಾಸಿಗ್ಯಾಗ ಏನ್ ಸಿಗ್ತದ ಮಾಮಾ? ಬಳ್ಳಾರಿ ಜಾಲಿ ಕಾಯಿ ತಿಂತಾವ. ಗಿಡದ ಕೆಳಗ ಉದುರಿರ್ತಾವಲ್ಲ.”

“ಅದರ ಬೀಜ?”

“ಬೀಜ ಎಲ್ಲಿ ಕರಗ್ತದ? ಹಿಕ್ಕ್ಯಾಗ ಹಂಗೇ ಬರ್ತದ. ಮಳಿ ಬಿದ್ರ ನಾಟ್ತದ.”

“ಮತ್ತ ರೈತರ ಹೊಲದಾಗ ಯಾಕ ನಾಟಂಗಿಲ್ಲ?”

“ಅವರು ಎತ್ತು ಹೂಡಿ ಕುಂಟಿ ಹೊಡೀತಾರ ಮಾಮಾ, ಎಲ್ಲಾ ಕಿತ್ತು ಹೋಗ್ತಾವ. ನೀ ಕುಂಟಿ ಹೊಡಿಸಿಲ್ಲೇನು?” ಆಮೇಲೆ ಅವನೇ ಕೇಳಿದ, “ನಿನ್ನ ರಕ್ತದಾಗ ಇದು ಬಂದಿಲ್ಲೇನು?”

ಮರುದಿನ ಹೋಗಿ ನೋಡಿದರೆ ಮುಳ್ಳಿನ ಸಸಿ ಪರಿಸರ ಸಂಘದ ನೆಲದಲ್ಲಿ ಮಾತ್ರ ಇರಲಿಲ್ಲ. ಭಾನುವಾರ ಹಿಂಡು ಎಲ್ಲೆಲ್ಲಿ ಮೆರವಣಿಗೆ ಹೋಗಿತ್ತೋ ಅಲ್ಲೆಲ್ಲ ಇತ್ತು. ಸಭಾಂಗಣದ ಮೆಟ್ಟಿಲ ಸಂದಿಯಿಂದ ಶುರುವಾಗಿ ಥ್ರೋಬಾಲ್ ಅಂಗಳ, ಹೂವಿನ ಪಾತಿ, ಪ್ರಾರ್ಥನೆಯ ಜಾಗ ಎಲ್ಲ ಹಾದು ಹಿಂದಿನ ಗೇಟಿನವರೆಗೆ. ಎಲ್ಲರೂ ಮರೆತುಬಿಡಲಿ ಎಂದು ನಾನು ದೇವರಲ್ಲಿ ಬೇಡಿಕೊಂಡಿದ್ದ ಆ ಇಡೀ ಪ್ರಸಂಗವನ್ನು ಯಾರೋ ಹಸಿರು ಶಾಯಿಯಲ್ಲಿ ಬರೆದು ಇಟ್ಟಂತಿತ್ತು!

ಥ್ರೋಬಾಲ್ ಆಡುವವರ ಕಾಲಿಗೆ ಮುಳ್ಳು. ಬ್ಯಾಂಡ್ ಸಂಘದವರು ಕವಾಯತು ಮಾಡಿದರೆ ಮುಳ್ಳು. ನಾಟಕದ ರಾಜ ಮೈದಾನದಲ್ಲಿ ಅಭ್ಯಾಸ ಮಾಡುತ್ತ ಮಂಡಿಯೂರಿ ಕೂತಲ್ಲೇ ಕೂಗಿಕೊಂಡ. ಆಗ ಸಿಸ್ಟರ್ ಒಂದು ಆಜ್ಞೆ ಹೊರಡಿಸಿದರು. ಜಾಲಿ ಪೂರ್ತಿ ಹೋಗುವವರೆಗೆ ಶನಿವಾರ ಬೇರೆ ಯಾವ ಸಂಘವೂ ಸೇರುವಂತಿಲ್ಲ. ಎಲ್ಲ ಸಂಘಗಳೂ ಪರಿಸರ ಸಂಘದ ಕೈಕೆಳಗೆ. ಲೀಡರ್ ರೇಣುಕಾ ಹೇಳಿದಂತೆ ಕೇಳಬೇಕು.

ಮುಚ್ಚಬೇಕಾಗಿದ್ದ ಸಂಘ ಶಾಲೆಯಲ್ಲೇ ದೊಡ್ಡ ಸಂಘವಾಯಿತು! ಇಂಗ್ಲಿಷಿನಲ್ಲಿ ಜಗಳವಾಡುವವರು ಕನ್ನಡದಲ್ಲಿ ಜಾಲಿಗೆ ಬೈಯುತ್ತ ಕಿತ್ತರು. ಸಂಗೀತ ಸಂಘದವರು ಫ್ಯಾನು ಬಿಟ್ಟು ಬಿಸಿಲಿಗೆ ಬಂದರು. ನಡುವೆ ಸೀಟಿ ಹಿಡಿದು ರೇಣುಕಾ. ಯಾವ ಸಾಲಿನಲ್ಲಿ ಯಾರು, ಬೇರು ಎಷ್ಟು ಆಳಕ್ಕೆ ಅಗೆಯಬೇಕು, ಕಿತ್ತದ್ದನ್ನು ಎಲ್ಲಿ ಒಟ್ಟಬೇಕು, ಎಲ್ಲ ಅವಳ ಮಾತೇ.

ಆದರೆ ಜಾಲಿಯ ಬೇರು ಹುಡುಗಿಯರ ಕೈಗೆ ಜಗ್ಗುವಂಥದ್ದಲ್ಲ. ಎರಡನೇ ಶನಿವಾರ ಅವಳು ಅಂಗಡಿಗೆ ಬಂದು ನಿಂತಳು.

“ಅಪ್ಪಾ, ನಿನ್ನ ದೊಡ್ಡ ಇಕ್ಕಳ ಬೇಕು.”

“ನಾನೂ ಬರ್ತೀನಿ! ಅದಕ್ಕ ಒಂದ್ ಚಲೋ ಮಷೀನ್ ಮಾಡೂಣು, ಹಿಂಗ ಹ್ಯಾಂಡಲ್ ಕೂಡಿಸಿ…”

“ಮಷೀನ್ ಬ್ಯಾಡ. ಬರೋದಿದ್ರ ಬಾ. ಹೇಳಿದಷ್ಟೇ ಮಾಡ್ಬೇಕು. ನೀನಾಗಿ ಏನೂ ವಿಚಾರ ಮಾಡಂಗಿಲ್ಲ.”

ಅಲ್ಲಿಂದ ಪ್ರತಿ ಶನಿವಾರ ಅಂಗಡಿ ಮುಚ್ಚಿ, ಮಗಳು ಸೀಟಿ ಊದಿದಾಗ ಬಗ್ಗಿ, ಇನ್ನೊಮ್ಮೆ ಊದಿದಾಗ ಎದ್ದು, ಮುಳ್ಳು ಕಿತ್ತೆ. ಎಡಗೈಗೆ ಒಂದು, ಬಲಗೈಗೆ ಒಂದು ಬ್ಯಾಂಡೇಜು. ಮನೆಗೆ ಬಂದರೆ ಕಸ್ತೂರಿ ಸೂಜಿ ಹಿಡಿದು ಮುಳ್ಳು ತೆಗೆಯುತ್ತ, “ಇದೂ ಒಂದ್ ನಮೂನಿ ಕಸೂತೀನೇ ನೋಡ್ರಿ,” ಎನ್ನುತ್ತಿದ್ದಳು. ಸಹಾಯ ಮಾಡುವವನಿಗೆ ಈ ಜಗತ್ತಿನಲ್ಲಿ ಸಿಗುವ ಮರ್ಯಾದೆ ಇದು!

ಜಾಲಿ ಹೋದ ಮೇಲೆ ಅಡಿಯಲ್ಲಿದ್ದ ಬೆಂಡೆ, ಅವರೆ ತಲೆ ಎತ್ತಿದವು. ಚೆಂಡು ಹೂ ಮೊಗ್ಗಾದವು. ಎಲ್ಲ ನನ್ನ ಗೊಬ್ಬರದ ಪ್ರತಾಪ. ಈ ಮಾತನ್ನು ಶಾಲೆಯಲ್ಲಿ ಒಂದು ಸಲ ಹೇಳಲು ಬಾಯಿ ತೆರೆದೆ. ಅಷ್ಟೂ ಹುಡುಗಿಯರು ತಮ್ಮ ಅಂಗೈಯ ಗೀರುಗಳನ್ನು ತೋರಿಸಿದರು. ಬಾಯಿ ಮುಚ್ಚಿದೆ.

ಆಗಸ್ಟ್ ಹದಿನೈದು ಬಂತು. ಧ್ವಜ ಏರಿಸಿ, ಸಿಹಿ ಹಂಚಿ ಆದ ಮೇಲೆ ಸಿಸ್ಟರ್ ಬೆನೆಡಿಕ್ಟಾ ಶಿಕ್ಷಣ ಇಲಾಖೆಯಿಂದ ಬಂದ ಮೇಡಂ ಒಬ್ಬರನ್ನು ಹಿಂದಿನ ನೆಲಕ್ಕೆ ಕರೆತಂದರು. ಹೂ ಅರಳಿದ್ದವು. ಅವರೆ ಬಳ್ಳಿ ಕಂಪೌಂಡಿನ ಮೇಲೆ ಹಬ್ಬಿತ್ತು. ಮೇಡಂ ಬಹಳ ಹೊತ್ತು ನೋಡಿ, “ಪರಿಸರ ಸಂಘ ಅಂದರೆ ಹೀಗಿರಬೇಕು ಸಿಸ್ಟರ್,” ಎಂದರು. ಸಿಸ್ಟರ್ ಹೌದೆಂದು ತಲೆಯಾಡಿಸಿ, “ಮುಂದಿನ ವರ್ಷವೂ ಹೀಗೇ ನಡೆಯಲಿ,” ಎಂದು ರೇಣುಕಾಳ ಬೆನ್ನು ತಟ್ಟಿದರು. ಸಂಘ ಉಳಿಯಿತು! ನನ್ನ ಮಗಳು ನಕ್ಕ ನಗುವನ್ನು ನಾನು ಮೂಲೆಯಲ್ಲಿ ನಿಂತು ನೋಡಿದೆ. ಕೊನೆಯ ಒಂದೆರಡು ಸಸಿ ಕಂಪೌಂಡಿನ ಬುಡದಲ್ಲಿ ಉಳಿದಿದ್ದವು, ಕೀಳುತ್ತಿದ್ದೆ.

ಮೇಡಂ ಮಕ್ಕಳ ಕಡೆ ತಿರುಗಿ ಕೇಳಿದರು: “ಚೆನ್ನಾಗಿ ಯೋಚನೆ ಮಾಡಿ ಹೇಳಿ ಮಕ್ಕಳೇ. ನಿಮ್ಮ ಶಾಲೆಯ ಪರಿಸರಕ್ಕೆ ಅತಿ ದೊಡ್ಡ ಅಪಾಯ ಯಾವುದರಿಂದ?”

ನನಗೂ ಕುತೂಹಲ. ಪ್ಲಾಸ್ಟಿಕ್ ಎನ್ನುತ್ತಾರೆ, ಇಲ್ಲವೇ ಕಾರ್ಖಾನೆಯ ಹೊಗೆ ಎನ್ನುತ್ತಾರೆ ಎಂದುಕೊಂಡು ತಲೆ ಎತ್ತಿದೆ.

ಸಂಗೀತ ಸಂಘ ನನ್ನ ಕಡೆ ತಿರುಗಿತು. ವಿಜ್ಞಾನ ಸಂಘ ತಿರುಗಿತು. ಡಿಬೇಟ್ ಸಂಘ, ನಾಟಕ ಸಂಘ, ಬ್ಯಾಂಡ್ ಸಂಘ, ಎಲ್ಲ ತಿರುಗಿದವು. ಕಸೂತಿ ಸಂಘದ ಹುಡುಗಿಯೊಬ್ಬಳು ಬೆರಳು ತೋರಿಸಿಯೇ ಬಿಟ್ಟಳು. ಸಿಸ್ಟರ್ ಮಾತ್ರ ಆಕಾಶ ನೋಡುತ್ತಿದ್ದರು, ತುಟಿ ಬಿಗಿ ಹಿಡಿದು.

ಮೇಡಂಗೆ ಏನೂ ಅರ್ಥವಾಗಲಿಲ್ಲ. ಲೀಡರ್ ಆದವಳು ಉತ್ತರ ಕೊಡಬೇಕಲ್ಲ. ರೇಣುಕಾ ಒಂದು ಹೆಜ್ಜೆ ಮುಂದೆ ಬಂದು, ಕೈ ಕಟ್ಟಿ ನಿಂತು, ಗಂಭೀರವಾಗಿ ಹೇಳಿದಳು:

“ಈಗ ನಮ್ಮ ಹತೋಟ್ಯಾಗ ಅದರೀ ಮೇಡಂ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಇಕ್ಕಳ ಕೆಳಗಿಟ್ಟು ತಟ್ಟಿದೆ.